ಮೂಲಕಥೆಯೂ ಮರುಕಥನವೂ: ‘ಫ್ಯಾಂಟಾಸ್ಟಿಕ್ ಫೋರ್’ ಚಿತ್ರವನ್ನು ಕುರಿತು

‘ಪುಸ್ತಕದಲ್ಲಿದ್ದಂತೆ ಚಿತ್ರದಲ್ಲಿಲ್ಲ’ ಎಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ. ಕಾದಂಬರಿಯೊಂದು ಚಲಚ್ಚಿತ್ರವಾದಾಗ ಹಿರಿಯರು ಈ ಮಾತನ್ನಾಡುತ್ತಾರೆ. ಕಾಮಿಕ್ ಪುಸ್ತಕವೊಂದು ಚಲಚ್ಚಿತ್ರವಾದಾಗ ಕಿರಿಯರು ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಆಡುತ್ತಾರೆ. ದೂರು ಹಳೆಯದು. ಆದರೆ ಅದರ ಅರ್ಥವೇನೆಂಬುದನ್ನು ಹೇಳುವವರಾಗಲಿ ಕೇಳುವವರಾಗಲಿ ನಿಂತು ಯೋಚಿಸುವುದು ಕಡಿಮೆ. ಯಾವುದು ಪುಸ್ತಕದಲ್ಲಿದ್ದಂತೆಯೇ ಇರಬೇಕಾಗಿತ್ತು? ಉಡುಪಿನ ಬಣ್ಣವೇ? ಘಟನೆಗಳ ಕ್ರಮವೇ? ಅಥವಾ ಇವು ಯಾವುವೂ ಅಲ್ಲದ ಇನ್ನೊಂದೇ? ಈ ಪ್ರಶ್ನೆಯನ್ನು ಬರಿದೇ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಮೇಲು. 2025ರ ಜುಲೈ 25ರಂದು ತೆರೆಕಂಡ ‘ದಿ ಫ್ಯಾಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಎಂಬ ಅಮೆರಿಕನ್ ಚಿತ್ರ ಇದಕ್ಕೆ ಬಹಳ ಅನುಕೂಲವಾದುದು. ಏಕೆಂದರೆ ಈ ನಾಲ್ವರು ವೀರರ ಕಥೆಯನ್ನು ಹಿಂದಿನದನ್ನೆಲ್ಲ ಬದಿಗಿಟ್ಟು ಹೊಸದಾಗಿ ಹೇಳಲು ಚಿತ್ರ ತಯಾರಕರು ಹೊರಟದ್ದು ಇದು ನಾಲ್ಕನೆಯ ಸಲ.

ಮೊದಲೇ ಒಂದು ಮಾತು. ಈ ಪುಸ್ತಕಗಳನ್ನು ನಾವು ಬಹಳ ವರ್ಷಗಳಿಂದ ಓದಿಕೊಂಡು ಬಂದವರು. ಅಭಿಮಾನಿಗಳೆಂದು ಯಾರಾದರೂ ಕರೆದರೆ ಸಂಕೋಚಪಡುವುದಿಲ್ಲ. ಆದರೆ ಅಭಿಮಾನಕ್ಕೂ ಮೊಂಡುತನಕ್ಕೂ ನಡುವಿನ ಗೆರೆ ಬಹಳ ತೆಳುವು. ಚಿತ್ರಮಂದಿರದಲ್ಲಿ ಕುಳಿತು ‘ಇದು ಐವತ್ತನೆಯ ಸಂಚಿಕೆಯಲ್ಲಿ ಹೀಗಿರಲಿಲ್ಲ’ ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುವ ದುರಭ್ಯಾಸ ನಮಗೂ ಇದೆ. ಪಕ್ಕದವರು ಅದನ್ನು ಮೆಚ್ಚಿದ್ದು ಮಾತ್ರ ನೆನಪಿಲ್ಲ. ಆ ದೋಷವನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇವೆ. ಚಿತ್ರವನ್ನು ಇನ್ನೂ ನೋಡದವರು, ಕಥೆ ಮುಂಚಿತವಾಗಿ ತಿಳಿಯಬಾರದೆನ್ನುವವರು, ಈ ಹಾಳೆಯನ್ನು ಮಡಿಸಿಟ್ಟು ಆಮೇಲೆ ಓದುವುದು ಒಳ್ಳೆಯದು.

ಮೂಲವೇನೆಂಬುದನ್ನು ತಿಳಿದುಕೊಳ್ಳೋಣ. ನ್ಯೂಯಾರ್ಕಿನ ಮಾರ್ವೆಲ್ ಪ್ರಕಾಶನ ಸಂಸ್ಥೆಯವರು ‘ಫ್ಯಾಂಟಾಸ್ಟಿಕ್ ಫೋರ್’ ಮಾಲೆಯ ಮೊದಲ ಸಂಚಿಕೆಯನ್ನು 1961ರ ನವೆಂಬರ್ ತಿಂಗಳ ಹೆಸರಿನಲ್ಲಿ ಹೊರತಂದರು. ಬೆಲೆ 10 ಸೆಂಟು. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಜ್ಯಾಕ್ ಕರ್ಬಿ. ಆ ವರ್ಷದ ಏಪ್ರಿಲ್ ತಿಂಗಳಲ್ಲಿಯೇ ಸೋವಿಯತ್ ದೇಶದ ಯೂರಿ ಗಗಾರಿನ್ ಅಂತರಿಕ್ಷಕ್ಕೆ ಹೋಗಿಬಂದಿದ್ದನು. ಅಮೆರಿಕದವರಿಗೆ ಹಿಂದೆ ಬಿದ್ದೆವೆಂಬ ಆತಂಕ. ಕಥೆ ಹುಟ್ಟುವುದೂ ಆ ಆತಂಕದಲ್ಲಿಯೇ. ರೀಡ್ ರಿಚರ್ಡ್ಸ್ ಎಂಬ ವಿಜ್ಞಾನಿ ರಾಕೆಟ್ಟೊಂದನ್ನು ನಿರ್ಮಿಸಿದ್ದಾನೆ. ಅದನ್ನು ನಡೆಸಬೇಕಾದವನು ಅವನ ಹಳೆಯ ಗೆಳೆಯ ಬೆನ್ ಗ್ರಿಮ್. ‘ಕಾಸ್ಮಿಕ್ ಕಿರಣಗಳ ವಿಷಯ ನಮಗೆ ಸಾಲದು, ಇನ್ನಷ್ಟು ಪರೀಕ್ಷೆ ಆಗಲಿ’ ಎಂಬುದು ಬೆನ್ನನ ವಾದ. ರೀಡನಿಗೆ ಆತುರ. ರೀಡನನ್ನು ಮದುವೆಯಾಗಲಿರುವ ಸ್ಯೂ ಸ್ಟಾರ್ಮ್ ಬೆನ್ನನನ್ನು ಹೇಡಿಯೆಂದು ಚುಚ್ಚುತ್ತಾಳೆ. ಆ ಒಂದು ಮಾತಿಗೆ ಅವನು ಹೊರಟು ನಿಲ್ಲುತ್ತಾನೆ. ಅವಳ ತಮ್ಮ ಜಾನಿಯೂ ಜೊತೆಗೂಡುತ್ತಾನೆ. ಕಾವಲುಗಾರನ ಕಣ್ಣು ತಪ್ಪಿಸಿ, ಯಾರ ಅನುಮತಿಯೂ ಇಲ್ಲದೆ, ನಾಲ್ವರೂ ಮೇಲೇರುತ್ತಾರೆ. ಬೆನ್ ಹೇಳಿದಂತೆಯೇ ಆಗುತ್ತದೆ. ಕಿರಣಗಳು ತಾಕಿ ರಾಕೆಟ್ಟು ನೆಲಕ್ಕೆ ಬೀಳುತ್ತದೆ. ರೀಡನ ಮೈ ರಬ್ಬರಿನಂತೆ ಹಿಗ್ಗುತ್ತದೆ. ಸ್ಯೂ ಕಣ್ಣಿಗೆ ಕಾಣದಂತಾಗುತ್ತಾಳೆ. ಜಾನಿ ಉರಿಯ ಮೈಯಾಗಿ ಹಾರುತ್ತಾನೆ. ಈ ಮೂವರೂ ಬೇಕೆಂದಾಗ ಮೊದಲಿನ ರೂಪಕ್ಕೆ ಬರಬಲ್ಲರು. ಬೆನ್ ಮಾತ್ರ ಬರಲಾರನು. ಬೇಡವೆಂದವನು ಅವನೊಬ್ಬನೇ, ಶಾಶ್ವತವಾಗಿ ವಿಕಾರನಾದವನೂ ಅವನೊಬ್ಬನೇ. ತನಗೆ ಅವನೇ ಇಟ್ಟುಕೊಳ್ಳುವ ಹೆಸರು ‘ಥಿಂಗ್’. ಎಂದರೆ ಮನುಷ್ಯನಲ್ಲ, ಬರಿಯ ಒಂದು ವಸ್ತು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಈ ಕಥೆಯ ಬೇರು ಶಕ್ತಿಯಲ್ಲಿಲ್ಲ, ಋಣದಲ್ಲಿದೆ. ರೀಡನ ಆತುರಕ್ಕೆ ಬೆನ್ ತನ್ನ ದೇಹವನ್ನು ತೆತ್ತನು. ಅದನ್ನು ರೀಡ್ ಬಲ್ಲನು, ಬೆನ್ನನೂ ಬಲ್ಲನು. ಇಷ್ಟಾದ ಮೇಲೂ ನಾಲ್ವರೂ ಒಂದೇ ಮನೆಯಲ್ಲಿ ಇರುತ್ತಾರೆ, ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ದಿನಬೆಳಗಾದರೆ ಜಗಳವಾಡುತ್ತಾರೆ. ಅಕ್ಕ, ತಮ್ಮ, ಭಾವ, ಭಾವನ ಗೆಳೆಯ: ನಮ್ಮ ಕಡೆಯ ಅವಿಭಕ್ತ ಕುಟುಂಬವೊಂದರ ಲಕ್ಷಣವೆಲ್ಲ ಇದರಲ್ಲಿದೆ. ಅದಕ್ಕೆ ಮುಂಚಿನ ಅತಿಮಾನುಷ ವೀರರು ಮುಖವಾಡ ಹಾಕಿಕೊಂಡು, ಬೇರೊಂದು ಹೆಸರಿನಲ್ಲಿ ಅಡಗಿ ಬಾಳುತ್ತಿದ್ದರು. ಈ ನಾಲ್ವರಿಗೆ ಗುಟ್ಟಿನ ಹೆಸರಿಲ್ಲ. ಮೊದಲ ಎರಡು ಸಂಚಿಕೆಗಳಲ್ಲಿ ಸಮವಸ್ತ್ರ ಕೂಡ ಇಲ್ಲ. ಅದು ಬಂದದ್ದು 1962ರ ಮಾರ್ಚ್ ಹೆಸರಿನ ಮೂರನೆಯ ಸಂಚಿಕೆಯಲ್ಲಿ. ಆದಕಾರಣ ‘ಉಡುಪು ಮೂಲದಂತಿಲ್ಲ’ ಎಂದು ಕೂಗುವ ಅಭಿಮಾನಿಗೆ ಮೊದಲ ಸಂಚಿಕೆಯನ್ನು ತೆಗೆದು ತೋರಿಸಿದರೆ ಸಾಕು.

ಇನ್ನು ಮೂಲವನ್ನು ರಚಿಸಿದವರು ಯಾರೆಂಬ ಪ್ರಶ್ನೆ. ಇದು ತೋರುವಷ್ಟು ಸುಲಭವಲ್ಲ. ಆ ಸಂಸ್ಥೆಯಲ್ಲಿ ಆಗ ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ: ಲೀಯವರು ಕಥೆಯ ಎಳೆಯನ್ನು ಚುಟುಕಾಗಿ ಹೇಳುವರು, ಕೆಲವು ವೇಳೆ ಬಾಯಿಮಾತಿನಲ್ಲಿಯೇ. ಕರ್ಬಿಯವರು ಅದನ್ನು ಹಿಡಿದು ಪುಟಪುಟವಾಗಿ ಕಥೆಯನ್ನು ಬೆಳೆಸಿ, ಚಿತ್ರಿಸಿ, ಅಂಚಿನಲ್ಲಿ ಟಿಪ್ಪಣಿ ಬರೆದು ಕಳುಹಿಸುವರು. ಬಳಿಕ ಲೀ ಮಾತುಗಳನ್ನು ತುಂಬುವರು. ಹೀಗಿರುವಾಗ ಯಾವುದು ಯಾರದು? 1966ರ ಮಾರ್ಚ್ ಹೆಸರಿನ 48ನೆಯ ಸಂಚಿಕೆಯ ಪುಟಗಳು ಬಂದಾಗ, ತಾವು ಹೇಳದೇ ಇದ್ದ ಪಾತ್ರವೊಂದು, ಬೆಳ್ಳಿಮೈಯವನು, ಹಲಗೆಯ ಮೇಲೆ ನಿಂತು ಆಕಾಶದಲ್ಲಿ ತೇಲುತ್ತಿದ್ದುದನ್ನು ಕಂಡು ಬೆರಗಾದೆನೆಂದು ಲೀ ಅವರೇ ಹೇಳಿದ್ದಾರೆ. ಗ್ರಹಗಳನ್ನೇ ನುಂಗುವ ಗಲಾಕ್ಟಸ್‌ನಂಥವನಿಗೆ ಮುಂದಾಗಿ ಬಂದು ಸಾರುವ ದೂತನೊಬ್ಬನಿರಬೇಡವೇ ಎಂಬುದು ಕರ್ಬಿಯವರ ಸಮಾಧಾನ. ‘ಸಿಲ್ವರ್ ಸರ್ಫರ್’ ಹುಟ್ಟಿದ್ದು ಹಾಗೆ. ಇಬ್ಬರೂ ಕೂಡಿ 102 ಸಂಚಿಕೆಗಳನ್ನು ಮಾಡಿದರು. 1970ರಲ್ಲಿ ಕರ್ಬಿ ಬಿಟ್ಟುಹೋದರು.

ಜ್ಯಾಕ್ ಕರ್ಬಿಯವರ ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ, ವಲಸೆ ಬಂದ ಯೆಹೂದಿ ಕುಟುಂಬದಲ್ಲಿ ಹುಟ್ಟಿದರು. ಬೀದಿ ಜಗಳದಲ್ಲಿ ಬೆಳೆದವರು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಕಾದಾಡಿದವರು. ಕಥೆಯಲ್ಲಿ ಬೆನ್ ಗ್ರಿಮ್ಮನೂ ಅಂಥದೇ ಒಂದು ಕೇರಿಯವನು. ಅವನ ಯಾನ್ಸಿ ಬೀದಿಗೆ ಕರ್ಬಿಯವರ ಕೇರಿಯ ಡೆಲಾನ್ಸಿ ಬೀದಿಯೇ ಮಾದರಿ. ಥಿಂಗ್ ಎಂಬವನಲ್ಲಿ ತನ್ನದೇ ಅಂಶವಿದೆಯೆಂದು ಅವರು ಹೇಳಿಕೊಂಡದ್ದುಂಟು. ಆದರೂ ಬೆನ್ ಯೆಹೂದಿಯೆಂಬುದು ಕಥೆಯಲ್ಲಿ ಬಾಯಿಬಿಟ್ಟು ಹೇಳಲ್ಪಟ್ಟದ್ದು 2002ರಲ್ಲಿ, ಕರ್ಬಿಯವರು ತೀರಿಕೊಂಡು 8 ವರ್ಷಗಳಾದ ಮೇಲೆ. ಪುಟಕ್ಕೆ ಇಷ್ಟು ಎಂಬ ಕೂಲಿಯ ಮೇಲೆ ದುಡಿದ ಅವರಿಗೆ ಪಾತ್ರಗಳ ಮೇಲೆ ಒಡೆತನವಿರಲಿಲ್ಲ. ಅವರ ಮಕ್ಕಳು ನ್ಯಾಯಾಲಯಕ್ಕೆ ಹೋಗಿ, 2014ರಲ್ಲಿ ಸಂಸ್ಥೆಯೊಡನೆ ರಾಜಿಯಾಯಿತು. ‘ಮೂಲಕ್ಕೆ ನಿಷ್ಠೆ’ ಎಂಬ ಮಾತನ್ನು ಬಳಸುವಾಗ ಈ ಸಂಗತಿಯೂ ನಮ್ಮ ಲಕ್ಷ್ಯದಲ್ಲಿರಬೇಕು.

ಹಾಗೆಂದು ಮೂಲವೆಲ್ಲ ಪವಿತ್ರವೆಂದು ಭಾವಿಸಬೇಕಾಗಿಲ್ಲ. ಸ್ಯೂ ಸ್ಟಾರ್ಮಳ ಪಾತ್ರವನ್ನೇ ನೋಡಿ. ಆರಂಭದ ಸಂಚಿಕೆಗಳಲ್ಲಿ ಅವಳಿಗೆ ಕಾಣದಂತಾಗುವುದು, ಸೆರೆಸಿಕ್ಕುವುದು, ಅಳುವುದು ಇಷ್ಟೇ ಕೆಲಸ. ಹೆಸರೂ ‘ಅದೃಶ್ಯ ಹುಡುಗಿ’. ಇವಳಿಂದ ಪ್ರಯೋಜನವೇನೆಂದು ಓದುಗರು ಪತ್ರ ಬರೆದರು. 1963ರ ಫೆಬ್ರವರಿ ಹೆಸರಿನ 11ನೆಯ ಸಂಚಿಕೆಯಲ್ಲಿ ಆ ಪತ್ರಗಳಿಗೆ ಕಥೆಯೊಳಗೇ ಉತ್ತರ ಕೊಟ್ಟಿದ್ದಾರೆ: ರೀಡ್ ಅಬ್ರಹಾಮ್ ಲಿಂಕನ್ನರ ತಾಯಿಯ ನಿದರ್ಶನ ಕೊಟ್ಟು, ಹಿಂದೆ ನಿಂತು ಧೈರ್ಯ ಕೊಡುವವಳೂ ಮುಖ್ಯಳೆಂದು ವಾದಿಸುತ್ತಾನೆ. ಉತ್ತರ ಸಾಲದೆಂದು ಕರ್ತೃಗಳಿಗೂ ತೋರಿತೋ ಏನೋ. ಮುಂದಿನ ವರ್ಷ ಅವಳಿಗೆ ಅಗೋಚರವಾದ ಕೋಟೆಯನ್ನು ಮನಸ್ಸಿನಿಂದಲೇ ಕಟ್ಟುವ ಶಕ್ತಿ ಬಂತು. ‘ಹುಡುಗಿ’ ಹೋಗಿ ‘ಸ್ತ್ರೀ’ ಎಂದಾಗಲು 1985 ಆಗಬೇಕಾಯಿತು. ಮೂಲದಲ್ಲಿಯೇ ತಿದ್ದುಪಡಿಗಳು ನಡೆದಿರುವಾಗ ಚಿತ್ರ ತಿದ್ದಿದರೆ ಅಪರಾಧವೇನು?

ಕನ್ನಡ ಓದುಗನಿಗೆ ಈ ವಿಷಯ ಹೊಸದಲ್ಲ. ಪಂಪನು ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿದನು. ಕಡೆಯಲ್ಲಿ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿದನು. ಇಷ್ಟು ದೊಡ್ಡ ಮಾರ್ಪಾಟಾದರೂ ಅದು ಭಾರತವಲ್ಲವೆಂದು ನಾವು ಹೇಳುವುದಿಲ್ಲ. ದಾಯಾದಿಗಳ ದ್ವೇಷ, ಕರ್ಣನ ದುರಂತ ಅಲ್ಲಿ ಹಾಗೆಯೇ ಇವೆ. ಅವನ್ನೇ ತೆಗೆದಿದ್ದರೆ ಏನೆನ್ನುತ್ತಿದ್ದೆವೋ? ಆ ದೃಷ್ಟಿಯಿಂದ ಈ ನಾಲ್ಕು ಚಿತ್ರಯತ್ನಗಳನ್ನು ನೋಡೋಣ.

ಮೊದಲನೆಯದನ್ನು ಬೇಗ ಮುಗಿಸಬಹುದು. ಜರ್ಮನಿಯ ನಿರ್ಮಾಪಕನೊಬ್ಬನ ಕೈಯಲ್ಲಿದ್ದ ಹಕ್ಕಿನ ಅವಧಿ 1992ರ ಕೊನೆಗೆ ತೀರುವುದರಲ್ಲಿತ್ತು. ಹಕ್ಕು ಕೈಬಿಡಬಾರದೆಂದು ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕೋರ್ಮನ್ ಅವರೊಡನೆ ಸೇರಿ, ಆ ಡಿಸೆಂಬರಿನ ಕೊನೆಯ ದಿನಗಳಲ್ಲಿ ಚಿತ್ರೀಕರಣ ಆರಂಭಿಸಲಾಯಿತು. ಸುಮಾರು 10 ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ 1994ರಲ್ಲಿ ಬಿಡುಗಡೆಯಾಗಬೇಕಾಗಿತ್ತು, ಆಗಲೇ ಇಲ್ಲ. ನಟರು ಶ್ರದ್ಧೆಯಿಂದ ದುಡಿದು, ಪ್ರಚಾರಕ್ಕೂ ಓಡಾಡಿದ್ದರು. ಒಂದು ಕಥೆಯನ್ನು ಹೇಳಬೇಕೆಂಬ ಆಸೆಯಿಂದಲ್ಲದೆ ದಸ್ತಾವೇಜಿನ ದಿನಾಂಕಕ್ಕಾಗಿ ಹೇಳಿದರೆ ಏನಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

2005ರ ಚಿತ್ರವನ್ನು ಟಿಮ್ ಸ್ಟೋರಿ ನಿರ್ದೇಶಿಸಿದರು. ಖಳನಾಯಕ ಡಾಕ್ಟರ್ ಡೂಮ್‌ನನ್ನೂ ಇವರ ಜೊತೆಗೇ ಅಂತರಿಕ್ಷಕ್ಕೆ ಕಳುಹಿಸಿ ಅವನಿಗೂ ಶಕ್ತಿ ಬರಿಸಿದ್ದು ಮೂಲಕ್ಕೆ ವಿರುದ್ಧ. ಹಾಸ್ಯವೂ ಅಲ್ಲಲ್ಲಿ ಅಗ್ಗದ್ದು. ಆದರೂ ಅದರಲ್ಲಿ ಒಂದು ದೃಶ್ಯವಿದೆ. ಕಲ್ಲುಮೈಯಾದ ಬೆನ್ನನನ್ನು ಕಂಡು ಹೆದರಿದ ಅವನ ಪ್ರಿಯೆ ಸೇತುವೆಯ ಮೇಲೆ ನಿಶ್ಚಿತಾರ್ಥದ ಉಂಗುರವನ್ನು ತೆಗೆದಿಟ್ಟು ಹೋಗುತ್ತಾಳೆ. ಬೆನ್ ಬಗ್ಗಿ ಅದನ್ನು ಎತ್ತಿಕೊಳ್ಳಲು ನೋಡುತ್ತಾನೆ. ಅವನ ದಪ್ಪ ಬೆರಳುಗಳಿಗೆ ಉಂಗುರ ಸಿಕ್ಕುವುದಿಲ್ಲ. ರೀಡ್ ಬಂದು ಎತ್ತಿ ಅವನ ಅಂಗೈಯಲ್ಲಿಡುತ್ತಾನೆ. ಹೀಗೊಂದು ಸೇತುವೆ ಪುಸ್ತಕದಲ್ಲಿಲ್ಲ, ಆ ಹುಡುಗಿಯೂ ಇಲ್ಲ. ಆದರೆ ಋಣವಿದೆ. ಚಿತ್ರ ಸಾಧಾರಣವಾದರೂ ಆ ದೃಶ್ಯ ಮೂಲಕ್ಕೆ ಸೇರಿದ್ದೆಂದು ನಾವು ಹೇಳುತ್ತೇವೆ. 2007ರಲ್ಲಿ ಬಂದ ಅದರ ಮುಂದಿನ ಭಾಗದಲ್ಲಿ ಗಲಾಕ್ಟಸ್‌ನನ್ನು ಮೋಡವನ್ನಾಗಿ ಮಾಡಿದ್ದರು. ಅದನ್ನು ಅಲ್ಲಿಗೇ ಬಿಡೋಣ.

2015ರ ಚಿತ್ರದ ವಿಷಯದಲ್ಲಿ ಅಭಿಮಾನಿಗಳು ತಪ್ಪು ಕಾರಣಕ್ಕೆ ಕೋಪಿಸಿಕೊಂಡರು. ಜಾನಿಯ ಪಾತ್ರವನ್ನು ಕರಿಯ ನಟ ಮೈಕೆಲ್ ಬಿ. ಜಾರ್ಡನ್ ಅವರಿಗೆ ಕೊಟ್ಟರೆಂದು ಬಿಡುಗಡೆಗೆ ಮುಂಚೆಯೇ ದೊಡ್ಡ ಗಲಾಟೆಯಾಯಿತು. ಸ್ಯೂ ದತ್ತುಮಗಳೆಂದು ಮಾಡಿ ಅದನ್ನು ಹೊಂದಿಸಿದ್ದರು. ಅದರಿಂದ ಕಥೆಗೆ ಕೂದಲೆಳೆಯಷ್ಟೂ ಕುಂದಿಲ್ಲ. ನಿಜವಾದ ಕುಂದು ಬೇರೆ ಕಡೆ ಇತ್ತು. ಆ ಚಿತ್ರದಲ್ಲಿ ಅನ್ಯಲೋಕಕ್ಕೆ ಹೋಗುವ ಪ್ರಯಾಣದಲ್ಲಿ ಸ್ಯೂ ಇಲ್ಲವೇ ಇಲ್ಲ. ಹುಡುಗರು ಕುಡಿದ ಅಮಲಿನಲ್ಲಿ ಹೊರಡುತ್ತಾರೆ. ಅವಳು ಅವರನ್ನು ಹಿಂದಕ್ಕೆ ಕರೆಸಲು ಯಂತ್ರದ ಬಳಿ ಕುಳಿತು ಪೆಟ್ಟು ತಿನ್ನುತ್ತಾಳೆ. ಅಪಘಾತವಾದ ಮೇಲೆ ರೀಡ್ ಬೆನ್ನನನ್ನು ಸೈನ್ಯದವರ ಕೈಯಲ್ಲಿ ಬಿಟ್ಟು ಓಡಿಹೋಗುತ್ತಾನೆ. ನಾಲ್ವರೂ ಒಂದಾಗಿ ನಿಲ್ಲುವುದು ಕೊನೆಯ ಹೊಡೆದಾಟದಲ್ಲಿ. ಜೊತೆಗೆ ಹೋಗಲಿಲ್ಲ, ಜೊತೆಗೆ ಬಾಳಲಿಲ್ಲ; ಇನ್ನು ಕುಟುಂಬವೆಲ್ಲಿಂದ ಬರಬೇಕು? ಹೊಡೆತಕ್ಕೆ ಸಿದ್ಧನಾಗುವಾಗ ಬೆನ್ ಕೂಗುವ ಒಂದು ಹಳೆಯ ಕೂಗು ಪುಸ್ತಕದ ಓದುಗರಿಗೆಲ್ಲ ಬಾಯಿಪಾಠ. ಈ ಚಿತ್ರದಲ್ಲಿ ಅದು ಬೆನ್ನನನ್ನು ಹುಡುಗನಾಗಿದ್ದಾಗ ಹೊಡೆಯುತ್ತಿದ್ದ ಅಣ್ಣನ ಕೂಗು. ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಕೆಡಿಸುವುದು ಹೇಗೆಂದು ಕಲಿಯಬೇಕಾದವರು ಇದನ್ನು ನೋಡಬಹುದು.

2019ರಲ್ಲಿ ಡಿಸ್ನಿ ಸಂಸ್ಥೆ ಫಾಕ್ಸ್ ಸಂಸ್ಥೆಯ ಚಿತ್ರವಿಭಾಗವನ್ನು ಕೊಂಡಾಗ ಈ ನಾಲ್ವರೂ ಮಾರ್ವೆಲ್ಲಿನ ಚಿತ್ರಶಾಖೆಗೆ ಮರಳಿದರು. ಅದರ ಫಲವೇ ಮ್ಯಾಟ್ ಶಾಕ್‌ಮನ್ ನಿರ್ದೇಶಿಸಿದ 2025ರ ಚಿತ್ರ. ಪೆಡ್ರೋ ಪಾಸ್ಕಲ್ ರೀಡ್, ವನೆಸ್ಸಾ ಕರ್ಬಿ ಸ್ಯೂ, ಜೋಸೆಫ್ ಕ್ವಿನ್ ಜಾನಿ, ಎಬನ್ ಮಾಸ್-ಬ್ಯಾಕ್ರಾಕ್ ಬೆನ್. ಕಥೆ ನಡೆಯುವುದು ನಮ್ಮ ಭೂಮಿಯಲ್ಲಲ್ಲ. 1960ರ ದಶಕದಂತೆಯೇ ಕಾಣುವ, ಆದರೆ ಹಾರುವ ವಾಹನಗಳಿರುವ ಇನ್ನೊಂದು ಭೂಮಿಯಲ್ಲಿ. ಅದರ ಸಂಖ್ಯೆ 828. ಎಂಟನೆಯ ತಿಂಗಳು, 28ನೆಯ ತಾರೀಖು: ಜ್ಯಾಕ್ ಕರ್ಬಿಯವರ ಹುಟ್ಟಿದ ದಿನ. ಯಾರ ಕೇರಿಯಿಂದ ಬೆನ್ ಗ್ರಿಮ್ ಬಂದನೋ ಅವರ ಹೆಸರಿನಲ್ಲಿ ಒಂದು ಲೋಕ. ಬೆನ್ ಈ ಚಿತ್ರದಲ್ಲಿ ಯಾನ್ಸಿ ಬೀದಿಗೆ ನಡೆದುಹೋಗುತ್ತಾನೆ. ಯೆಹೂದಿಯರ ಪ್ರಾರ್ಥನಾಮಂದಿರದಲ್ಲಿ ಹೋಗಿ ಕೂರುತ್ತಾನೆ. ಆ ಹಳೆಯ ಕೂಗನ್ನು ಒಮ್ಮೆ ಕೂಗೆಂದು ಮಕ್ಕಳು ಪೀಡಿಸಿದಾಗ, ಅದು ತನ್ನ ಹೆಸರಿನ ವ್ಯಂಗ್ಯಚಿತ್ರದವರು ಕಟ್ಟಿದ್ದು, ತನ್ನದಲ್ಲ ಎನ್ನುತ್ತಾನೆ. ಕೊನೆಯಲ್ಲಿ ಬೇಕಾದ ಗಳಿಗೆಯಲ್ಲಿ ಕೂಗಿಯೇಬಿಡುತ್ತಾನೆ. ಹತ್ತು ವರ್ಷದ ಹಿಂದೆ ಕಳೆದದ್ದನ್ನು ನಗುನಗುತ್ತ ಹಿಂದಕ್ಕೆ ತಂದುಕೊಟ್ಟಂತಾಯಿತು.

ಚಿತ್ರದ ಕಥಾವಸ್ತು 1966ರ 48ರಿಂದ 50ರವರೆಗಿನ ಮೂರು ಸಂಚಿಕೆಗಳದ್ದು. ಅಲ್ಲಿ ಗಲಾಕ್ಟಸ್ ಭೂಮಿಯನ್ನು ತಿನ್ನಲು ಬರುತ್ತಾನೆ. ದೂತನಾದ ಸರ್ಫರನ ಮನಸ್ಸನ್ನು ತಿರುಗಿಸುವವಳು ಬೆನ್ನನ ಪ್ರಿಯೆ, ಕುರುಡಿಯಾದ ಶಿಲ್ಪಿ ಅಲಿಷಿಯಾ. ವಾಚರ್ ಎಂಬ ಹಿರಿಯ ಸಾಕ್ಷಿಯ ನೆರವಿನಿಂದ ಜಾನಿ ದೂರದಿಂದ ಒಂದು ಅಸ್ತ್ರವನ್ನು ತರುತ್ತಾನೆ. ಅದಕ್ಕೆ ಅಂಜಿ ಗಲಾಕ್ಟಸ್ ಹಿಂದಿರುಗುತ್ತಾನೆ. ಹೊಸ ಚಿತ್ರದಲ್ಲಿ ಅಲಿಷಿಯಾ ಇಲ್ಲ, ವಾಚರ್ ಇಲ್ಲ, ಅಸ್ತ್ರವಿಲ್ಲ. ದೂತನೂ ಗಂಡಸಲ್ಲ, ಷಲ್ಲಾ-ಬಾಲ್ ಎಂಬ ಹೆಂಗಸು, ತನ್ನ ಲೋಕವನ್ನೂ ಮಗಳನ್ನೂ ಉಳಿಸಲು ತನ್ನನ್ನೇ ಗಲಾಕ್ಟಸ್‌ಗೆ ಒಪ್ಪಿಸಿಕೊಂಡವಳು. ಪಟ್ಟಿ ಮಾಡಿ ನೋಡಿದರೆ ಪುಸ್ತಕದಲ್ಲಿದ್ದುದರಲ್ಲಿ ಅರ್ಧ ಮಾಯವಾಗಿದೆ. ಆದರೆ ಅಲಿಷಿಯಾ ಮಾಡುತ್ತಿದ್ದ ಕೆಲಸ ಮಾಯವಾಗಿಲ್ಲ. ನಾಶವಾದ ಲೋಕಗಳಿಂದ ಬಂದ ಕೊನೆಯ ಧ್ವನಿಗಳನ್ನು ಜಾನಿ ಕಲೆಹಾಕಿ, ಅವಳ ಭಾಷೆಯನ್ನು ಕಷ್ಟಪಟ್ಟು ಕಲಿತು, ಅವಳಿಗೇ ಕೇಳಿಸುತ್ತಾನೆ. ಹುಡುಗಾಟದವನೆಂದೇ ಹೆಸರಾದವನು ಇಲ್ಲಿ ಕುಳಿತು ಪಾಠ ಕಲಿಯುತ್ತಾನೆ. ಪರದೇಶದಲ್ಲಿ ಇನ್ನೊಬ್ಬರ ಮನಸ್ಸಿಗೆ ದಾರಿ ಅವರ ಭಾಷೆಯೇ ಎಂಬುದನ್ನು ಊರುಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಚಿತ್ರ ಹೊಸದಾಗಿ ಸೇರಿಸಿದ್ದಕ್ಕೆ ಬರೋಣ. ಸ್ಯೂ ಗರ್ಭಿಣಿ. ಹುಟ್ಟಲಿರುವ ಮಗುವನ್ನು ಕೊಟ್ಟರೆ ಭೂಮಿಯನ್ನು ಬಿಡುತ್ತೇನೆನ್ನುತ್ತಾನೆ ಗಲಾಕ್ಟಸ್. ತನ್ನ ತೀರದ ಹಸಿವನ್ನು ಆ ಮಗುವಿಗೆ ಹೊರಿಸಿ ತಾನು ಬಿಡುಗಡೆಯಾಗಬೇಕೆಂದು ಅವನ ಬಯಕೆ. ಇವರು ಒಪ್ಪುವುದಿಲ್ಲ. ಹಿಂದಿರುಗಿ ಬಂದು ರೀಡ್ ಇದ್ದುದನ್ನು ಇದ್ದಂತೆ ಜನರಿಗೆ ಹೇಳಿಬಿಡುತ್ತಾನೆ. ನಿನ್ನೆಯವರೆಗೆ ಹಾರ ಹಾಕುತ್ತಿದ್ದ ಜನ ಮನೆಯ ಮುಂದೆ ನಿಂತು ಕೂಗುತ್ತಾರೆ. ಅವರು ಕೇಳುವುದು ಅನ್ಯಾಯವೆಂದು ಹೇಳುವುದು ಸುಲಭವೇ? ಕುಲಕ್ಕಾಗಿ ಒಬ್ಬನನ್ನು, ಗ್ರಾಮಕ್ಕಾಗಿ ಕುಲವನ್ನು ಬಿಡಬೇಕೆಂದು ವಿದುರ ಹೇಳಿದ್ದು, ದುರ್ಯೋಧನ ಆಗತಾನೆ ಹುಟ್ಟಿದ ಕೂಸಾಗಿದ್ದಾಗ. ಧೃತರಾಷ್ಟ್ರ ಕೇಳಲಿಲ್ಲ, ಫಲವನ್ನು ನಾವು ಬಲ್ಲೆವು. ನ್ಯೂಯಾರ್ಕಿನ ಬೀದಿಯಲ್ಲಿ ನಿಂತ ಜನರ ಬಾಯಲ್ಲಿರುವುದು ವಿದುರನ ಮಾತೇ. ರೀಡನ ಲೆಕ್ಕದ ಬುದ್ಧಿಯೂ ಒಂದು ಗಳಿಗೆ ಆ ಕಡೆ ಹೋಗಿ ಬಂದಿರುತ್ತದೆ. ಅದು ತಿಳಿದಾಗ ಸ್ಯೂ ಗಂಡನನ್ನು ನೋಡುವ ನೋಟ ಚಿತ್ರದ ಅತ್ಯುತ್ತಮ ಭಾಗಗಳಲ್ಲೊಂದು. ಮೊದಲ ಸಂಚಿಕೆಯ ರೀಡ್ ಇವನೇ. ಲೆಕ್ಕ ಸರಿಯಾದರೆ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬುದನ್ನು ಮರೆಯುವವನು.

ಸ್ಯೂ ಮಗುವನ್ನು ಎತ್ತಿಕೊಂಡು ಜನರ ನಡುವೆ ಬರುತ್ತಾಳೆ. ಲೋಕಕ್ಕಾಗಿ ಮಗುವನ್ನು ಕೊಡೆನು, ಮಗುವಿಗಾಗಿ ಲೋಕವನ್ನೂ ಬಿಡೆನು ಎಂಬುದು ಅವಳ ಮಾತಿನ ಸಾರ. ಅದನ್ನು ನಡೆಸಿ ತೋರಿಸುವ ಹೊತ್ತು ಬಂದಾಗ ಆಗುವುದೇನು? ಭೂಮಿಯನ್ನೇ ಬೇರೆಡೆಗೆ ಸಾಗಿಸುವ ಯೋಜನೆ ಮುರಿದುಬಿದ್ದು ಒಂದೇ ಒಂದು ದ್ವಾರ ಉಳಿಯುತ್ತದೆ. ಗಲಾಕ್ಟಸ್‌ನನ್ನು ಅದರೊಳಕ್ಕೆ ಸೆಳೆಯಲು ಆ ಮಗುವನ್ನೇ ಎದುರಿಗಿಡಬೇಕಾಗುತ್ತದೆ. ಇಲ್ಲಿ ನಮಗೆ ಏಕಚಕ್ರ ನೆನಪಾಯಿತು. ಬಕನಿಗೆ ದಿನಕ್ಕೊಂದು ಬಂಡಿ ಅನ್ನ, ಒಬ್ಬ ಮನುಷ್ಯ. ಬ್ರಾಹ್ಮಣನ ಮನೆಯ ಸರದಿ ಬಂದಾಗ ಕುಂತಿ ತನ್ನ ಮಗನನ್ನೇ ಕಳುಹಿಸಿದಳು. ಅದು ಕೊಟ್ಟಂತೆಯೂ ಹೌದು, ಕೊಡದಂತೆಯೂ ಹೌದು. ಕುಂತಿಗೆ ಭೀಮನ ಬಲ ಗೊತ್ತಿತ್ತು. ಸ್ಯೂಗೆ ಮಗುವಿನ ಬಲವಲ್ಲ, ತನ್ನ ಮತ್ತು ಮನೆಯವರ ಬಲವಷ್ಟೇ ಭರವಸೆ. ಲಿಂಕನ್ನರ ತಾಯಿಯ ಹೆಸರು ಹೇಳಿ 1963ರಲ್ಲಿ ಸಮಾಧಾನಪಡಿಸಲಾದ ಆ ‘ಹುಡುಗಿ’ ಇಲ್ಲಿ ಗಲಾಕ್ಟಸ್‌ನನ್ನು ಒಬ್ಬಳೇ ಹಿಂದಕ್ಕೆ ನೂಕುತ್ತಾಳೆ. ಮೂಲದ ಕೊರತೆಯೊಂದನ್ನು ಮರುಕಥನ ಹೀಗೆ ತುಂಬಿಕೊಟ್ಟಿದೆ.

ಮೆಚ್ಚಲಾಗದ ಸಂಗತಿಗಳೂ ಇವೆ. ಜನರ ಕೋಪ ಒಂದು ಭಾಷಣಕ್ಕೆ ಇಳಿದುಹೋಗುವುದು ನಂಬಲು ಕಷ್ಟ. ವಿದುರನ ಮಾತು ಅಷ್ಟು ಹಗುರವಲ್ಲ. ಅದಕ್ಕೆ ಇನ್ನೂ ಹದಿನೈದು ನಿಮಿಷ ಕೊಟ್ಟು ಕೊನೆಯ ಹೊಡೆದಾಟದಲ್ಲಿ ಕಳೆದಿದ್ದರೆ ನಷ್ಟವಿರಲಿಲ್ಲ. ಬಳಲಿ ಪ್ರಾಣಬಿಟ್ಟ ಸ್ಯೂಳನ್ನು ಮಗು ಮುಟ್ಟಿ ಎಬ್ಬಿಸುವುದೂ ಅವಸರದ ಉಪಾಯ. ಕಾಮಿಕ್ ಪುಸ್ತಕಗಳಲ್ಲಿ ಸತ್ತವರು ಸತ್ತೇ ಇರುವುದು ಅಪರೂಪವೆಂಬುದು ನಿಜ. ಆದರೆ ಅಲ್ಲಿ ಎದ್ದುಬರಲು ಕೆಲವು ತಿಂಗಳಾದರೂ ತೆಗೆದುಕೊಳ್ಳುತ್ತಾರೆ.

ನಮ್ಮ ದೊಡ್ಡ ಆಕ್ಷೇಪಣೆ ಬೆನ್ನನ ವಿಷಯದಲ್ಲಿ. ಅಪಘಾತವಾಗಿ ನಾಲ್ಕು ವರ್ಷಗಳಾದ ಮೇಲೆ ಚಿತ್ರ ಆರಂಭವಾಗುತ್ತದೆ. ಹಳೆಯದನ್ನೆಲ್ಲ ಒಂದು ದೂರದರ್ಶನ ಕಾರ್ಯಕ್ರಮದ ರೂಪದಲ್ಲಿ ಚುಟುಕಾಗಿ ಹೇಳಿ ಮುಗಿಸುತ್ತಾರೆ. ಮೂರು ಚಿತ್ರಗಳಲ್ಲಿ ಕಂಡದ್ದನ್ನು ಮತ್ತೆ ಯಾಕೆಂಬ ವಿವೇಚನೆ ಒಪ್ಪತಕ್ಕದ್ದೇ. ಆದರೆ ಅದರೊಂದಿಗೆ ಋಣವೂ ಹಿಂದೆ ಉಳಿಯಿತು. ಈ ಬೆನ್ ಅಡಿಗೆ ಮಾಡುತ್ತಾನೆ, ತಮಾಷೆ ಮಾಡುತ್ತಾನೆ, ಬೀದಿಯಲ್ಲಿ ಮಕ್ಕಳು ಅವನನ್ನು ಮುತ್ತುತ್ತಾರೆ. ಪುಸ್ತಕದ ಬೆನ್ ದೊಡ್ಡ ಟೋಪಿ, ಉದ್ದದ ಕೋಟು ಹಾಕಿಕೊಂಡು ಮುಖ ಮುಚ್ಚಿ ನಡೆಯುವವನು. ಒಮ್ಮೊಮ್ಮೆ ರೀಡನ ಮೇಲೆ ಕೈಯೆತ್ತಿ ಹೋಗುವವನು. ತನಗೆ ಹೀಗೆ ಮಾಡಿದವನ ಮಗುವನ್ನು ಬೆನ್ ಎತ್ತಿ ಆಡಿಸುತ್ತಾನಲ್ಲ, ಆ ಚಿತ್ರಕ್ಕೆ 60 ವರ್ಷಗಳ ಭಾರವಿದೆ. ಪುಸ್ತಕ ಓದಿದ ನಮಗೆ ಅದು ಕಂಡಿತು. ಓದದವನಿಗೆ ಒಬ್ಬ ಒಳ್ಳೆಯ ಕಲ್ಲುಮನುಷ್ಯ ಮಗು ಎತ್ತಿಕೊಂಡಂತೆ ಮಾತ್ರ ಕಂಡಿರಬೇಕು. ಋಣವನ್ನು ತೋರಿಸದೆ ಕ್ಷಮೆಯನ್ನು ತೋರಿಸಿದಂತಾಯಿತು. 2005ರ ಆ ಉಂಗುರದಂಥ ಒಂದೇ ಒಂದು ದೃಶ್ಯ ಇಲ್ಲಿ ಬೇಕಾಗಿತ್ತು.

ಹೀಗಿದ್ದರೂ ಎರಡನೆಯ ಸಲ ನೋಡಲು ಹೋದೆವು, ಪಿಸುಗುಟ್ಟಲಿಲ್ಲ. ಚಿತ್ರದ ಕೊನೆಯ ದೃಶ್ಯದಲ್ಲಿ ಈ ನಾಲ್ವರು ದೂರದರ್ಶನ ಕಾರ್ಯಕ್ರಮಕ್ಕೆ ಹೊರಡಬೇಕು. ಅಲ್ಲಿ ಅವರ ಹೆಸರನ್ನು ಸಾರುತ್ತಿದ್ದಾರೆ. ಇಲ್ಲಿ ವಾಹನದೊಳಗೆ ಮಗುವಿನ ಪುಟ್ಟ ಆಸನವನ್ನು ಬಿಗಿಯುವುದು ಹೇಗೆಂದು ಜಗತ್ತಿನ ಅತ್ಯಂತ ಬುದ್ಧಿವಂತನಿಗೂ, ಸೋದರಮಾವನಿಗೂ, ಕಲ್ಲುಮೈಯವನಿಗೂ ತಿಳಿಯದೆ ಒಬ್ಬರ ಮೇಲೊಬ್ಬರು ರೇಗುತ್ತಿದ್ದಾರೆ. ಕೂಡಲೇ ನಮಗೆ 50ನೆಯ ಸಂಚಿಕೆ ಜ್ಞಾಪಕಕ್ಕೆ ಬಂತು. ಅದರಲ್ಲಿ ಗಲಾಕ್ಟಸ್‌ನ ಕಥೆ ಪುಸ್ತಕದ ಅರ್ಧದಲ್ಲಿಯೇ ಮುಗಿದುಹೋಗುತ್ತದೆ. ಭೂಮಿ ಉಳಿಯಿತು, ಇನ್ನೂ ಹಲವು ಪುಟಗಳು ಉಳಿದಿವೆ. ಆ ಪುಟಗಳಲ್ಲಿ ಜಾನಿ ಸ್ಟಾರ್ಮ್ ಕಾಲೇಜಿಗೆ ಸೇರಲು ಹೋಗುತ್ತಾನೆ.